ನೀರುಗಂಟಿ ಬಾರದಿದ್ದರೆ?

ಪ್ರಶ್ನೆ: ಮಂಡ್ಯದಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿದ್ದೇನೆ. ಆಪರೇಟಿಂಗ್ ಸಿಸ್ಟಮ್ ಪರೀಕ್ಷೆಯಲ್ಲಿ ರೌಂಡ್ ರಾಬಿನ್ (ಪ್ರೋಗ್ರಾಂಗಳಿಗೆ ಸರದಿಯಂತೆ ಸಮಯ ಹಂಚುವ) ಲೆಕ್ಕಗಳನ್ನು ಬಿಡಿಸಿ ಒಳ್ಳೆಯ ಅಂಕ ಪಡೆದೆ. ಆದರೆ ಯಂತ್ರದೊಳಗೆ ನಿಜಕ್ಕೂ ಏನು ನಡೆಯುತ್ತದೆ ಎಂದು ತಂಗಿ ಕೇಳಿದಾಗ ಬಾಯಿ ಕಟ್ಟಿತು. ಲಿನಕ್ಸ್‌ನ ಕೋಡ್ ತೆರೆದರೆ ದಿಕ್ಕೇ ತೋಚಲಿಲ್ಲ. ಎಲ್ಲಿಂದ ಶುರು ಮಾಡಲಿ, ಸರ್?
– ಓದುಗ, ಪಾಂಡವಪುರ ತಾಲ್ಲೂಕು

ಉತ್ತರ: ನಾಚಿಕೊಳ್ಳಬೇಡಿ. ಮೈಸೂರಿನಲ್ಲಿ ಈ ಪಾಠ ಶುರುಮಾಡಿದ ಮೊದಲ ವರ್ಷಗಳಲ್ಲಿ ನಾನೂ ಲೆಕ್ಕ ಮಾಡಿಸಿ ಕೈ ತೊಳೆದುಕೊಂಡವನೇ.

ಲಿನಕ್ಸನ್ನು ಸದ್ಯಕ್ಕೆ ಮುಚ್ಚಿಡಿ; ಅದು ಕೋಟಿಗಟ್ಟಲೆ ಸಾಲುಗಳ ಕಾಡು. ಅಮೆರಿಕದ ಎಂಐಟಿಯಲ್ಲಿ ಪಾಠಕ್ಕೆಂದೇ ಬರೆದ ‘ಎಕ್ಸ್‌ವಿ6’ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಉಚಿತವಾಗಿ ಸಿಗುತ್ತದೆ. 1975ರ ಯೂನಿಕ್ಸ್ ಆರನೆಯ ಆವೃತ್ತಿಯ ಜಾಡಿನದು. ಅದರ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ತಿರುಳು, 10 ಸಾವಿರ ಸಾಲನ್ನೂ ಮುಟ್ಟುವುದಿಲ್ಲ.

ನಿಮ್ಮದು ವಿ.ಸಿ. ನಾಲೆಯ ಸೀಮೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ನೀರುಗಂಟಿ ಏನು ಮಾಡುತ್ತಾನೆ? ಗದ್ದೆ ತುಂಬಿರಲಿ, ಬಿಡಲಿ, ಸರದಿ ಮುಗಿದೊಡನೆ ತೂಬು ತಿರುಗಿಸುತ್ತಾನೆ. ಈಗ ಯಾವ ಪ್ರೋಗ್ರಾಂನ ಸರದಿ ಎಂದು ನಿರ್ಧರಿಸುವ ಷೆಡ್ಯೂಲರ್ ಅವನೇ, ಆಗಾಗ ಬಡಿದು ಅವನನ್ನು ಎಬ್ಬಿಸುವ ಗಂಟೆ ಟೈಮರ್ ಇಂಟರಪ್ಟ್. ಹೋಲಿಕೆ ಇಲ್ಲಿಗೆ ಸಾಕು. ನಿಂತ ಗದ್ದೆ ತನ್ನ ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ನಿಂತ ಪ್ರೋಗ್ರಾಂ ಎಲ್ಲಿತ್ತೆಂಬುದನ್ನು ಮಾತ್ರ ಬೇರೊಬ್ಬರು ಬರೆದಿಡಬೇಕು. ಎಕ್ಸ್‌ವಿ6ನ ರಿಸ್ಕ್-ವಿ (ಒಂದು ಬಗೆಯ ಪ್ರೊಸೆಸರ್) ಆವೃತ್ತಿಯಲ್ಲಿ ಕರ್ನಲ್‌ನೊಳಗಿನ ಈ ಬದಲಾವಣೆಗೆ (ಒಂದು ಪ್ರೋಗ್ರಾಂ ಬಿಟ್ಟು ಇನ್ನೊಂದನ್ನು ಹಿಡಿಯುವುದಕ್ಕೆ) ಪ್ರೊಸೆಸರ್‌ನ ಪುಟ್ಟ ಗೂಡುಗಳಾದ 14 ರಿಜಿಸ್ಟರ್‌ಗಳನ್ನು ಮೆಮೊರಿಗೆ ಬರೆದು, ಇನ್ನೊಂದರ 14ನ್ನು ಓದಿಕೊಂಡು, ಕೊನೆಗೊಂದು ರಿಟರ್ನ್. ಇಷ್ಟೇ! ಮೊದಲ ಸಲ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಓದಿದರೆ ಸಾಲದು, ಕೆಡಿಸಿ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಯಂತ್ರವೊಂದನ್ನು ಅನುಕರಿಸುವ ಕ್ಯೂಎಮು ಹಾಕಿಕೊಂಡರೆ ಬೇರೆ ಯಂತ್ರ ಬೇಕಿಲ್ಲ. ಎಕ್ಸ್‌ವಿ6 ತಾನಾಗಿ ಮೂರು ಕೋರ್‌ಗಳಲ್ಲಿ ಏಳುತ್ತದೆ, ಅದನ್ನು ಒಂದಕ್ಕೆ ಇಳಿಸಿ; ಇಲ್ಲದಿದ್ದರೆ ಉಳಿದ ಕೋರ್‌ಗಳು ಬೇರೆ ಪ್ರೋಗ್ರಾಂಗಳನ್ನು ಓಡಿಸುತ್ತಲೇ ಇರುತ್ತವೆ. (ಇದನ್ನು ಮರೆತು ನಾನು ಒಂದು ಸಂಜೆ ಹಾಳುಮಾಡಿಕೊಂಡೆ.) ಇಂಟರಪ್ಟ್‌ಗಳನ್ನು ನೋಡಿಕೊಳ್ಳುವ ಟ್ರ್ಯಾಪ್ ಕಡತದಲ್ಲಿ, ಟೈಮರ್ ಬಡಿದಾಗ ಸರದಿ ಬಿಟ್ಟುಕೊಡುವ ‘ಯೀಲ್ಡ್’ ಅನ್ನು ಕರೆಯುವ ಸಾಲುಗಳನ್ನು ತೆಗೆದುಹಾಕಿ. ಕೊನೆಯಿಲ್ಲದೆ ಸುತ್ತುವ ಪುಟ್ಟ ಪ್ರೋಗ್ರಾಂ ಬರೆದು ಹಿನ್ನೆಲೆಯಲ್ಲಿ ಓಡಿಸಿ. ನೀರುಗಂಟಿ ಮನೆಗೆ ಹೋದಂತಾಯಿತು; ಒಂದೇ ಗದ್ದೆಗೆ ಇಡೀ ನಾಲೆ. ಈಗ ಕಡತಗಳ ಪಟ್ಟಿ ಕೇಳಿ, ಉತ್ತರ ಬರುವುದಿಲ್ಲ.

ಆದರೆ ನೀವು ಒತ್ತಿದ ಅಕ್ಷರಗಳು ಮಾತ್ರ ಪರದೆಯ ಮೇಲೆ ಮೂಡುತ್ತಲೇ ಇರುತ್ತವೆ. ಶೆಲ್‌ಗೆ (ನಿಮ್ಮ ಆಜ್ಞೆಗಳನ್ನು ಓದುವ ಪ್ರೋಗ್ರಾಂಗೆ) ಸರದಿಯೇ ಸಿಗದಿರುವಾಗ ಅವನ್ನು ಮೂಡಿಸುತ್ತಿರುವವರು ಯಾರು? ಕನ್ಸೋಲ್ ಕಡತದಲ್ಲಿ ಹುಡುಕಿ, ಮೊದಲು ತಂಗಿಗೆ ವಿವರಿಸಿ, ಆಮೇಲೆ ನನಗೆ ಬರೆಯಿರಿ.