ಎಕ್ಸೆಲ್ ಪಟ್ಟಿಯನ್ನು ಆಸ್ಪತ್ರೆ ಉಪಕರಣಗಳ ಸಾಫ್ಟ್‌ವೇರ್‌ಗೆ ಹಾಕಿದಾಗ ಸೀರಿಯಲ್ ನಂಬರ್ ಏಕೆ ಬದಲಾಗುತ್ತದೆ?

ಸಾಮಾನ್ಯವಾಗಿ ನಂಬರು ಕೆಡುವುದು ಎಕ್ಸೆಲ್‌ನಲ್ಲೇ, ಸಾಫ್ಟ್‌ವೇರ್‌ಗೆ ಹೋಗುವ ಮೊದಲೇ. ಬರೀ ಅಂಕಿಗಳಿದ್ದರೆ ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಎಂದುಕೊಳ್ಳುತ್ತದೆ. ಸಿರಿಂಜ್ ಪಂಪಿನ (ಔಷಧಿಯನ್ನು ನಿಧಾನವಾಗಿ ಕೊಡುವ ಯಂತ್ರ) ನಂಬರು 004517 ಬರೀ 4517 ಆಗುತ್ತದೆ. 15 ಅಂಕಿ ದಾಟಿದರೆ ಮುಂದಿನವೆಲ್ಲ ಸೊನ್ನೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ದೋಷವಿರುವ ಉಪಕರಣಗಳನ್ನು ಕಂಪನಿ ವಾಪಸ್ ಕರೆದಾಗ ನಾವು ಹುಡುಕುವುದು ಇದೇ ನಂಬರಿನಿಂದ.

ಟೈಪ್ ಮಾಡುವ ಮುಂಚೆಯೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಿ. ಆಮೇಲೆ ಮಾಡಿದರೆ ಹೋದ ಸೊನ್ನೆ ಮರಳದು. ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ಡಬಲ್ ಕ್ಲಿಕ್ ಮಾಡಿ ತೆರೆದು ಸೇವ್ ಮಾಡಿದರೂ ಅದೇ ಗತಿ. ಕಲಬುರಗಿಯಲ್ಲಿ ನಾನು ಮೊದಲು 10 ಸಾಲು ಮಾತ್ರ ಹಾಕುತ್ತೇನೆ. ವಾರ್ಡಿಗೆ ಹೋಗಿ, ಪಂಪಿನ ಹಿಂದಿನ ಲೇಬಲ್ಲಿನ ಧೂಳು ಒರೆಸಿ, ಒಂದೊಂದೇ ಅಂಕಿ ತಾಳೆ ನೋಡಿ, ಆಮೇಲೆ ಉಳಿದದ್ದು.