ಒಬ್ಬನೇ ವಿಚಾರಣೆಗೆ ಹೋಗುತ್ತೇನೆಂದ ನಿರ್ವಾಹಕರು

ಸರ್ಕಾರಿ ನಿಗಮ, ಮಂಡಳಿಗಳ ನೌಕರರು ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಮೊದಲು ಹೇಳುವುದು ನಿದ್ದೆ ಬಾರದಿರುವುದನ್ನು, ಇಲ್ಲವೇ ಕುಡಿತ ಹೆಚ್ಚಿದೆಯೆಂದು ಮನೆಯವರು ಬಲವಂತವಾಗಿ ಕರೆತಂದದ್ದನ್ನು. ಎರಡು ಮೂರು ಭೇಟಿಗಳಾದ ಮೇಲೆ ಮಾತು ಕೆಲಸದ ಜಾಗಕ್ಕೆ ಹೊರಳುತ್ತದೆ, ಅಲ್ಲಿಂದ ಅನೇಕ ಸಲ ಕಾರ್ಮಿಕ ಸಂಘಕ್ಕೆ ಬಂದು ನಿಲ್ಲುತ್ತದೆ. "ಇಷ್ಟು ವರ್ಷ ಚಂದಾ ಕಟ್ಟಿದ್ದಕ್ಕೆ ನನಗೇನು ಸಿಕ್ಕಿತು?" ಎಂಬ ಪ್ರಶ್ನೆಯನ್ನು ಲೈನ್‌ಮನ್‌ಗಳಿಂದ, ಬ್ಯಾಂಕ್ ಗುಮಾಸ್ತರಿಂದ, ನೀರು ಸರಬರಾಜಿನವರಿಂದ ಕೇಳುತ್ತಲೇ ಬಂದಿದ್ದೇನೆ. ಆ ಪ್ರಶ್ನೆಯ ಹಿಂದೆ ಏನಿರಬಹುದು ಎಂಬುದು ನನಗೆ ಸ್ಪಷ್ಟವಾಗಿ ಕಂಡದ್ದು ಒಬ್ಬ ಬಸ್ ನಿರ್ವಾಹಕರ ಪ್ರಕರಣದಲ್ಲಿ. ಅವರ ಒಪ್ಪಿಗೆ ಪಡೆದು, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರು ರಾಜ್ಯದ ಸಾರಿಗೆ ನಿಗಮವೊಂದರ ನೌಕರರು, ನಲವತ್ತು ದಾಟಿದವರು. ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಬೇಕೆಂದು 2021ರ ಏಪ್ರಿಲ್ 7ರಿಂದ 21ರವರೆಗೆ ನಡೆದ ಸಾರಿಗೆ ಮುಷ್ಕರದಲ್ಲಿ ಪಾಲ್ಗೊಂಡು, ವಜಾಗೊಂಡ ಸಾವಿರಾರು ಜನರಲ್ಲಿ ಇವರೂ ಒಬ್ಬರಾಗಿದ್ದರು. ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತು, ಸಾಲ ಮಾಡಿ, ಕೊನೆಗೆ ಮರುನೇಮಕಗೊಂಡಿದ್ದರು. ನನ್ನ ಬಳಿ ಬರುವ ಹೊತ್ತಿಗೆ ಸಂಘಕ್ಕೆ ರಾಜೀನಾಮೆ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. ಅದರ ಜೊತೆಗೇ ಹೊಸದೊಂದು ಸಂಕಟ ಬಂದಿತ್ತು. ತನಿಖಾ ತಂಡದವರು ದಾರಿಯಲ್ಲಿ ಬಸ್ ನಿಲ್ಲಿಸಿದಾಗ ಇಬ್ಬರು ಪ್ರಯಾಣಿಕರ ಕೈಯಲ್ಲಿ ಟಿಕೆಟ್ ಇರಲಿಲ್ಲ. ಡಿಪೋದಲ್ಲಿ ರೆಡ್‌ಮಾರ್ಕ್ ಕೇಸ್ ಎನ್ನುತ್ತಾರಲ್ಲ, ಅದೇ. ಮೆಮೊ ಬಂದು, ಆರೋಪ ಪಟ್ಟಿಯೂ ಬಂದು, ಇಲಾಖಾ ವಿಚಾರಣೆಯ ದಿನ ಗೊತ್ತಾಗಿತ್ತು.

ಆ ದಿನದ ಭೇಟಿಯಲ್ಲಿ ಅವರು ಮೊದಲು ಸಂಘದ ಲೆಕ್ಕವನ್ನೇ ಬಿಚ್ಚಿದರು. 2023ರ ಮಾರ್ಚ್‌ನಿಂದ ಬಂದ ಶೇ 15ರ ವೇತನ ಹೆಚ್ಚಳ ಚಂದಾ ಕಟ್ಟಿದವನಿಗೂ ಕಟ್ಟದವನಿಗೂ ಒಂದೇ ಸಮ ಬಂತು, 38 ತಿಂಗಳ ಹಿಂಬಾಕಿಯೂ ಇಬ್ಬರಿಗೂ ಒಂದೇ ಸಮ ಬರಲಿಲ್ಲ, ಹಾಗಿರುವಾಗ ಸದಸ್ಯನಾಗಿರುವುದರಲ್ಲಿ ಏನು ವಿಶೇಷ ಎಂದರು. ಆ ಲೆಕ್ಕ ಸುಳ್ಳೆಂದು ನಾನು ಹೇಳಲಿಲ್ಲ. ಸರ್ಕಾರದ ಆದೇಶದಿಂದ ಬಂದ ಹೆಚ್ಚಳ ಸದಸ್ಯತ್ವ ನೋಡಿ ಬರುವುದಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿಯ ಮುಂದೆ ಆದ ಒಪ್ಪಂದವೂ ಸದಸ್ಯರಲ್ಲದವರಿಗೂ ಸೇರಿ ಎಲ್ಲರಿಗೂ ಅನ್ವಯಿಸುತ್ತಿತ್ತು. ಸಂಬಳದ ಚೀಟಿಯನ್ನಷ್ಟೇ ಹಿಡಿದು ನೋಡಿದರೆ ಸಾರ್ವಜನಿಕ ವಲಯದ ಸಂಘದ ಸದಸ್ಯನಿಗೆ ಕಾಣುವುದು ಚಂದಾ ಕಡಿತವೊಂದೇ.

ನಾನು ಕೇಳಿದ್ದು ಬೇರೆಯೇ ಪ್ರಶ್ನೆ. "ವಿಚಾರಣೆಯ ದಿನ ನಿಮ್ಮ ಪಕ್ಕದಲ್ಲಿ ಯಾರು ಕೂರುತ್ತಾರೆ?"

"ಯಾರೂ ಇಲ್ಲ. ಒಬ್ಬನೇ ಹೋಗ್ತೀನಿ ಮೇಡಂ."

ಸಹನೌಕರರೊಬ್ಬರ ನೆರವು ಕೇಳಬಹುದಲ್ಲ, ವಿಚಾರಣೆಗಳನ್ನು ಕಂಡ ಹಿರಿಯ ಪ್ರತಿನಿಧಿಗಳು ನಿಮ್ಮ ಡಿಪೋದಲ್ಲೇ ಇರಬೇಕಲ್ಲ ಎಂದೆ. ಇದ್ದಾರೆ, ಕೇಳಿದರೆ ಬಂದೂ ಬರುತ್ತಾರೆ ಎಂದು ಒಪ್ಪಿಕೊಂಡರು. ಆಮೇಲೆ ಬಹಳ ಹೊತ್ತು ಮಾತಾಡದೆ ಕುಳಿತಿದ್ದು, "ಒಬ್ಬನೇ ಹೋದ್ರೆ ಮಧ್ಯದಲ್ಲಿ ಕೈಬಿಟ್ಟು ಹೋಗೋಕೆ ಯಾರೂ ಇರಲ್ಲ" ಎಂದರು.

ಅಲ್ಲಿಯವರೆಗೆ ನಾವು ಲಾಭ ನಷ್ಟದ ವಿಷಯ ಮಾತಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಆ ಮಾತಿನ ನಂತರ ಹೊರಬಂದದ್ದು ವಜಾಗೊಂಡ ದಿನಗಳ ಕಥೆ. ಮುಷ್ಕರ ಸೋತದ್ದು ಅವರನ್ನು ಅಷ್ಟಾಗಿ ನೋಯಿಸಿರಲಿಲ್ಲ. ಹೈಕೋರ್ಟ್ ಕೆಲಸಕ್ಕೆ ಮರಳಿರೆಂದಾಗ ಮರಳಬೇಕಾಯಿತು, ಕೋವಿಡ್ ಎರಡನೇ ಅಲೆ ಏರುತ್ತಿದ್ದ ಕಾಲ ಬೇರೆ, ಅದೆಲ್ಲ ತಿಳಿಯುತ್ತದೆ ಎಂದರು. ವೇದಿಕೆಯ ಮೇಲಿಂದ ಕೈಯೆತ್ತಿ ಘೋಷಣೆ ಕೂಗಿಸಿದವರಲ್ಲಿ ಒಬ್ಬರೂ ಆ ತಿಂಗಳುಗಳಲ್ಲಿ ಮನೆಗೆ ಬರಲಿಲ್ಲ, ಫೋನ್ ಮಾಡಲಿಲ್ಲ ಎಂಬುದು ಮಾತ್ರ ಮಾಯದ ಗಾಯವಾಗಿತ್ತು. ತೆಗೆದುಹಾಕಿದ ಆಡಳಿತದ ಮೇಲೆ ಅವರಿಗೆ ಅಷ್ಟು ಸಿಟ್ಟಿರಲಿಲ್ಲ, ಅದರಿಂದ ಅವರೇನನ್ನೂ ನಿರೀಕ್ಷಿಸಿರಲಿಲ್ಲ. ನಿರೀಕ್ಷೆಯಿದ್ದದ್ದು ಜೊತೆಯವರ ಮೇಲೆ. ಈ ನೋವನ್ನು ಸೋಮಾರಿತನದ ದೂರೆಂದೋ ಸ್ವಾರ್ಥದ ಲೆಕ್ಕಾಚಾರವೆಂದೋ ತಳ್ಳಿಹಾಕುವ ಸಂಘದ ಮುಖಂಡರು ತಮ್ಮ ಸದಸ್ಯರನ್ನು ಅರ್ಥಮಾಡಿಕೊಂಡಿಲ್ಲ ಎಂದೇ ನಾನು ಭಾವಿಸುತ್ತೇನೆ.

ನಾನು ಕೊಟ್ಟ ಸಲಹೆ ಹೀಗಿತ್ತು. ರಾಜೀನಾಮೆ ಪತ್ರವನ್ನು ವಿಚಾರಣೆ ಮುಗಿಯುವವರೆಗೆ ಕೊಡಬೇಡಿ. ಸಂಘದ ಅಧ್ಯಕ್ಷರನ್ನಾಗಲೀ ಕಾರ್ಯದರ್ಶಿಯನ್ನಾಗಲೀ ಹುಡುಕಿಕೊಂಡು ಹೋಗಬೇಡಿ, ಡಿಪೋದ ಆ ಹಿರಿಯ ಪ್ರತಿನಿಧಿಯೊಬ್ಬರನ್ನೇ ಕಂಡು, ವಿಚಾರಣೆಯ ದಿನ ನನ್ನ ಪಕ್ಕದಲ್ಲಿ ಕೂರಿ ಎಂಬ ಒಂದೇ ಒಂದು ಕೋರಿಕೆಯನ್ನಿಡಿ. ಅಷ್ಟು ಸಣ್ಣ ಕೋರಿಕೆಯನ್ನು ಯಾರಾದರೂ ಈಡೇರಿಸುವುದನ್ನು ಕಣ್ಣಾರೆ ಕಂಡ ಮೇಲೆ ಸಂಘ ಬೇಕೋ ಬೇಡವೋ ಎಂದು ತೀರ್ಮಾನಿಸಿ. 2021ರಲ್ಲಿ ಆದ ನೋವನ್ನು ಸಂಘದ ಸಭೆಯಲ್ಲಿ, ಬರಹದಲ್ಲಿ, ಹೆಸರು ಹಾಕಿ ಹೇಳಿ. ನಿದ್ದೆಗಾಗಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣುವಂತೆಯೂ ತಿಳಿಸಿದೆ, ಏಕೆಂದರೆ ಅವರ ಸ್ಥಿತಿಗೆ ಕೇವಲ ಮಾತು ಸಾಲುತ್ತಿರಲಿಲ್ಲ.

ಈ ಸಲಹೆಯನ್ನು ಕೇಳಿದ ನನ್ನ ವೃತ್ತಿಬಾಂಧವರೊಬ್ಬರು ಇದು ಆಪ್ತಸಲಹೆಯಲ್ಲ, ಸಂಘಟನೆಯ ಪ್ರಚಾರ ಎಂದರು. ಆಪ್ತಸಲಹೆಗಾರರು ದಾರಿ ತೋರಿಸಬಾರದು, ವ್ಯಕ್ತಿಯೇ ದಾರಿ ಕಂಡುಕೊಳ್ಳಲು ನೆರವಾಗಬೇಕು ಎಂಬ ನಿಯಮ ನನಗೂ ಗೊತ್ತಿದೆ, ಸಾಮಾನ್ಯವಾಗಿ ಅದನ್ನೇ ಪಾಲಿಸುತ್ತೇನೆ. ಆದರೆ ವಿಚಾರಣೆಯ ದಿನಾಂಕ ಗೊತ್ತಾಗಿರುವ, ಕೆಲಸ ಕಳೆದುಕೊಳ್ಳುವ ಭಯದಲ್ಲಿರುವ ಮನುಷ್ಯನಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳುಹಿಸುವುದನ್ನು ನಾನು ತಟಸ್ಥತೆ ಎಂದು ಒಪ್ಪಲಾರೆ. ಅವರ ಏಕಾಂಗಿತನ ಆರಿಸಿಕೊಂಡದ್ದಲ್ಲ, ಗಾಯದಿಂದ ಬಂದದ್ದು. ಅದಕ್ಕೆ ಸುಮ್ಮನೆ ತಲೆಯಾಡಿಸಿದ್ದರೆ ನಾನೂ ಆ ಗಾಯದ ಪರವಾಗಿಯೇ ನಿಂತಂತಾಗುತ್ತಿತ್ತು.

ಸಲಹೆಗೆ ಕಾನೂನಿನ ಕಾರಣವೂ ಇತ್ತು, ಇದು ಬಹಳ ನೌಕರರಿಗೆ ತಿಳಿದಿಲ್ಲ. ಆಗ ಜಾರಿಯಲ್ಲಿದ್ದ 1947ರ ಕಾಯ್ದೆಯ 2ಎ ಕಲಮಿನಂತೆ ವಜಾಗೊಂಡ ಕಾರ್ಮಿಕ ಸಂಘದ ಬೆಂಬಲವಿಲ್ಲದೆಯೂ ತಾನೊಬ್ಬನೇ ವಿವಾದ ಎತ್ತಬಹುದಾಗಿತ್ತು. ವಾರ್ಷಿಕ ವೇತನ ಬಡ್ತಿ ತಡೆಹಿಡಿಯುವುದು, ಅಮಾನತು, ವರ್ಗಾವಣೆಗಳಂಥ ಸಣ್ಣಪುಟ್ಟ ಶಿಕ್ಷೆಗಳಿಗೆ ಆ ಕಲಮು ಅನ್ವಯಿಸುತ್ತಿರಲಿಲ್ಲ. ಅಂಥ ವಿವಾದವನ್ನು ಸಂಘವಾಗಲೀ ಗಣನೀಯ ಸಂಖ್ಯೆಯ ಸಹನೌಕರರಾಗಲೀ ಕೈಗೆತ್ತಿಕೊಂಡರೆ ಮಾತ್ರ ಅದು ಕೈಗಾರಿಕಾ ವಿವಾದವೆನಿಸುತ್ತಿತ್ತು. ನಿವೃತ್ತಿಯವರೆಗೆ ಸಂಬಳವನ್ನು ತಿನ್ನುತ್ತಾ ಹೋಗುವುದು, ಪಿಂಚಣಿ ಮತ್ತು ಉಪದಾನದ (ಗ್ರಾಚ್ಯುಟಿ) ಲೆಕ್ಕಕ್ಕೂ ಕೈಹಾಕುವುದು ಇಂಥ ಸಣ್ಣ ಶಿಕ್ಷೆಗಳೇ. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ, ಕುಂದುಕೊರತೆ ಪರಿಹಾರ ಸಮಿತಿಯ ತೀರ್ಮಾನದಿಂದ ಅತೃಪ್ತನಾದ ಕಾರ್ಮಿಕ ರಾಜಿ ಅಧಿಕಾರಿಗೆ ಅರ್ಜಿ ಹಾಕಬೇಕಾದದ್ದು ತಾನು ಸದಸ್ಯನಾಗಿರುವ ಸಂಘದ ಮೂಲಕ. ಶೇ 51ರಷ್ಟು ಸದಸ್ಯಬಲವಿರುವ ಸಂಘಕ್ಕೆ ಮಾತುಕತೆಯ ಏಕೈಕ ಹಕ್ಕು ಕೊಡುವ ಅದೇ ಸಂಹಿತೆ, ಸಂಘದಿಂದ ಹೊರಗುಳಿದವನ ದನಿಯನ್ನು ಮೊದಲಿಗಿಂತ ಸಣ್ಣದಾಗಿಸಿದೆ.

ಸಂಘಗಳೆಲ್ಲ ಸರಿಯಾಗಿವೆ ಎಂದು ಇದರ ಅರ್ಥವಲ್ಲ. ಪಕ್ಷಕ್ಕೊಂದು, ಮುಖಂಡನಿಗೊಂದು ಎಂದು ಒಡೆದುಕೊಂಡು, ಒಂದು ಮುಷ್ಕರಕ್ಕೆ ಕರೆಕೊಟ್ಟರೆ ಇನ್ನೊಂದು ದೂರ ನಿಲ್ಲುವುದನ್ನು ಸಾರಿಗೆ ನೌಕರರು ಚೆನ್ನಾಗಿ ಕಂಡಿದ್ದಾರೆ. ಕಾಯಂ ನೌಕರರ ಸಂಘಗಳು ಗುತ್ತಿಗೆಯವರನ್ನು ವರ್ಷಾನುಗಟ್ಟಲೆ ಹೊರಗಿಟ್ಟವು ಎಂಬ ದೂರಿನಲ್ಲಿಯೂ ಸತ್ಯವಿದೆ. ಬೆಂಗಳೂರಿನ ಪೌರಕಾರ್ಮಿಕರು ತಮ್ಮದೇ ಸಂಘ ಕಟ್ಟಿಕೊಂಡು ಗುತ್ತಿಗೆದಾರರ ಹಿಡಿತದಿಂದ ನೇರ ವೇತನ ಪಾವತಿಗೆ ಬಂದರು, 2022ರ ಜುಲೈ ಮುಷ್ಕರದಲ್ಲಿ ಕಾಯಮಾತಿಯ ಭರವಸೆಯನ್ನೂ ಪಡೆದರು. ಸಂಘದ ಕಾಲ ಮುಗಿಯಿತು ಎನ್ನುವವರಿಗೆ ನಾನು ಮೊದಲು ತೋರಿಸುವುದು ಆ ಪೌರಕಾರ್ಮಿಕ ಹೆಂಗಸರನ್ನು.

ನಿರ್ವಾಹಕರ ವಿಚಾರಣೆಗೆ ಆ ಹಿರಿಯರು ಬಂದರು. ಟಿಕೆಟ್ ಯಂತ್ರ ಆ ಹಂತದಲ್ಲಿ ಕೆಟ್ಟಿದ್ದರ ದಾಖಲೆ ಡಿಪೋದಲ್ಲೇ ಇದೆಯೆಂದು ನೆನಪಿಸಿ, ಅದನ್ನು ತರಿಸುವಂತೆ ಲಿಖಿತವಾಗಿ ಕೇಳಿದವರು ಅವರೇ. ನಿರ್ವಾಹಕರಿಗೆ ಅದು ಹೊಳೆದಿರಲಿಲ್ಲ, ಭಯದಲ್ಲಿ ಹೊಳೆಯುವುದೂ ಇಲ್ಲ. ಕೆಲಸ ಉಳಿಯಿತು, ಒಂದು ವಾರ್ಷಿಕ ವೇತನ ಬಡ್ತಿ ಹೋಯಿತು, ಆ ಬಡ್ತಿಯ ವಿವಾದವನ್ನು ಈಗ ಸಂಘ ಕೈಗೆತ್ತಿಕೊಂಡಿದೆ. ನಿದ್ದೆ ಮಾತ್ರೆಯಿಂದ ಸ್ವಲ್ಪ ಸುಧಾರಿಸಿದೆ, ಕುಡಿತ ಪೂರ್ತಿ ಬಿಟ್ಟಿಲ್ಲ. ಮುಷ್ಕರದ ಸಮಯದಲ್ಲಿ ಸಂಗ್ರಹಿಸಿದ ಹಣದ ಲೆಕ್ಕ ಕೊಡಿ ಎಂದು ಸರ್ವಸದಸ್ಯರ ಸಭೆಯಲ್ಲಿ ಅವರು ಎದ್ದು ನಿಂತು ಕೇಳಿದರಂತೆ. ಮುಂದಿನ ಸಭೆಯಲ್ಲಿ ಕೊಡುತ್ತೇವೆ ಎಂದು ಕಾರ್ಯದರ್ಶಿ ಹೇಳಿದ್ದಾರೆ. ಆ ಸಭೆ ಇನ್ನೂ ನಡೆದಿಲ್ಲ.