ಚಿತ್ರದುರ್ಗದಲ್ಲಿ ಇದ್ದುಕೊಂಡು 1983ರ ಬೆಂಜ್ 230 ಸಿಇ ಕೂಪೆ (ಎರಡು ಬಾಗಿಲಿನ ಕಾರು) ತಗೊಳ್ಳಬಹುದಾ? ಇಲ್ಲಿ ನೋಡಿಕೊಳ್ಳೋಕೆ ಆಗುತ್ತಾ?

ತಗೊಳ್ಳಬಹುದು. ಆದರೆ ನೀವು ಬರೆದಿರುವ ಕಾರಿಗೆ ಈಗಲೇ ಮುಂಗಡ ಕೊಡಬೇಡಿ. ಕಾರು ಬೆಂಗಳೂರಿನಲ್ಲಿದೆ, ನಂಬರ್ ಮಹಾರಾಷ್ಟ್ರದ್ದು, ನಾಲ್ಕು ವರ್ಷದಿಂದ ನಿಂತಿದೆ, ಆರ್‌ಸಿ ಅವಧಿ ಮುಗಿದಿದೆ, ಆದರೂ ‘ಎಂಜಿನ್ ಬೆಣ್ಣೆ ಥರ ಇದೆ’ ಅಂತ ಮಾರುವವರು ಹೇಳಿದ್ದಾರೆ ಎಂದು ಬರೆದಿದ್ದೀರಿ. ಈ ಕಾರಿನಲ್ಲಿ ಎಂಜಿನ್ ನೋಡುವುದು ಕೊನೆಗೆ. ಮೊದಲು ಕಾಗದ, ಆಮೇಲೆ ತಗಡು, ಆಮೇಲೆ ಗಾಜು ಮತ್ತು ರಬ್ಬರ್.

ನಾನು ದಾವಣಗೆರೆಯವನು. ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿ ನಡೆಸುತ್ತೇನೆ. 1982ರ 230 ಸಿಇ ಹನ್ನೊಂದು ವರ್ಷದಿಂದ ನನ್ನ ಹತ್ತಿರ ಇದೆ. ಭಾನುವಾರ ಬೆಳಿಗ್ಗೆ ನಾಲ್ಕೂ ಗಾಜು ಇಳಿಸಿಕೊಂಡು ಕೊಂಡಜ್ಜಿ ಕಡೆಗೆ ಹೋಗುವುದೆಂದರೆ ಇವತ್ತಿಗೂ ನನಗೆ ಹಬ್ಬ. ಹಾಗಾಗಿ ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಕಾಗದದ ವಿಷಯ. ಕೆಲವು ಬ್ರೋಕರ್‌ಗಳು ‘ಇದು ವಿಂಟೇಜ್ ಕಾರು, ಆರ್‌ಟಿಒ ತಲೆನೋವೇ ಇಲ್ಲ’ ಅನ್ನುತ್ತಾರೆ. ನಂಬಬೇಡಿ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ಮಾತ್ರ ವಿಂಟೇಜ್. 1983ರ ಕಾರಿಗೆ ಇನ್ನೂ ಕಾಲ ಇದೆ. ಅಲ್ಲಿಯವರೆಗೆ ಅದು ಮಾಮೂಲಿ ಹಳೇ ಕಾರು. ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಬೇಕು. ಇಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಪೆಟ್ಟಿದೆ. 2025ರ ಆಗಸ್ಟ್‌ನಲ್ಲಿ ಬಂದ ಬದಲಾವಣೆಯಿಂದ, 20 ವರ್ಷ ದಾಟಿದ ಮಾಮೂಲಿ ಕಾರಿಗೆ ನವೀಕರಣ ಶುಲ್ಕ 10,000 ರೂಪಾಯಿ, ಹೊರದೇಶದಿಂದ ತರಿಸಿದ ಕಾರಿಗೆ 80,000 ರೂಪಾಯಿ. ಈ ಕೂಪೆ ಇಲ್ಲಿ ತಯಾರಾದದ್ದೇ ಅಲ್ಲ, ಹೊರಗಿಂದ ಬಂದದ್ದು. ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ. ಆಮೇಲೆ ಮಹಾರಾಷ್ಟ್ರದಿಂದ ಎನ್‌ಒಸಿ, ಚಿತ್ರದುರ್ಗದಲ್ಲಿ ಕೆಎ 16 ನಂಬರ್, ಕರ್ನಾಟಕದ ತೆರಿಗೆ. ನನ್ನ ಸಲಹೆ ಇಷ್ಟೇ. ಮಾರುವವರೇ ಆರ್‌ಸಿ ನವೀಕರಿಸಿ ಎನ್‌ಒಸಿ ಕೈಗೆ ಕೊಡಲಿ, ಆಮೇಲೆ ದುಡ್ಡು. ಅದಕ್ಕಾಗಿ ಬೆಲೆ ಸ್ವಲ್ಪ ಹೆಚ್ಚಾದರೂ ಒಪ್ಪಿಕೊಳ್ಳಿ. ಕಾರು ಈ ದೇಶಕ್ಕೆ ಬಂದಾಗಿನ ಕಸ್ಟಮ್ಸ್ ಕಾಗದವನ್ನೂ ಕೇಳಿ.

ಚಾಸಿ ನಂಬರ್ ನೀವೇ ಓದಿ. ಮೊದಲಿನ ಡಬ್ಲ್ಯೂಡಿಬಿ ಎಂಬ ಅಕ್ಷರಗಳಾದ ಮೇಲೆ 123243 ಇರಬೇಕು. ಅದು 230 ಸಿಇ ಕೂಪೆಯ ಗುರುತು. 123223 ಇದ್ದರೆ ಅದು ನಾಲ್ಕು ಬಾಗಿಲಿನ 230 ಇ. ಆರು ಅಂಕಿ ಆದ ತಕ್ಷಣ 2 ಇದ್ದರೆ ಸ್ಟೀರಿಂಗ್ ಬಲಗಡೆಯದು, 1 ಇದ್ದರೆ ಎಡಗಡೆಯದು. ಎಡಗಡೆಯದನ್ನು ಇಲ್ಲಿ ಬಲಕ್ಕೆ ತಿರುಗಿಸಿದ ಕಾರಾಗಿದ್ದರೆ ಬಿಟ್ಟು ಬನ್ನಿ.

ಇನ್ನು ತಗಡು. 230 ಸಿಇ ಸೇರಿರುವ ಈ 123 ಸರಣಿಯ ಕಾರುಗಳು ಎಲ್ಲ ಸೇರಿ ಸುಮಾರು 27 ಲಕ್ಷ ತಯಾರಾದವು. ಅದರಲ್ಲಿ ಕೂಪೆ, 1977ರಿಂದ 1985ರವರೆಗೆ, ಒಂದು ಲಕ್ಷಕ್ಕೂ ಸ್ವಲ್ಪ ಕಡಿಮೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಕೆಳಗಿನ ಬುಷ್‌ಗಳು, ಇವೆಲ್ಲ ನಾಲ್ಕು ಬಾಗಿಲಿನ ಸೆಡಾನಿನವೇ. ಹುಡುಕಿದರೆ ಸಿಗುತ್ತವೆ. ಆದರೆ ಕೂಪೆಯ ಉದ್ದನೆಯ ಬಾಗಿಲು, ಪಕ್ಕದ ಗಾಜು, ಹಿಂದಿನ ಗಾಜು, ಗಾಜಿನ ಸುತ್ತಲ ರಬ್ಬರ್, ಕ್ರೋಮ್ ಪಟ್ಟಿ ಬೇರೆಯೇ. ಎರಡು ಗಾಜಿನ ನಡುವೆ ಕಂಬವೇ ಇಲ್ಲದ್ದು ಇದರ ಚೆಲುವು. ಹಾಗೇ ಅಲ್ಲಿಯ ರಬ್ಬರ್ ಸತ್ತರೆ ಮಳೆ ನೀರು ನೇರವಾಗಿ ಸೀಟಿನ ಮೇಲೆ. ಅದಕ್ಕೇ ಹೇಳುವುದು, ಎಂಜಿನ್ ಕೆಟ್ಟ ಕೂಪೆ ತಗೊಂಡರೂ ಬದುಕಬಹುದು, ಗಾಜು ಒಡೆದ, ಕ್ರೋಮ್ ಕಳೆದ ಕೂಪೆ ತಗೊಂಡರೆ ವರ್ಷಗಟ್ಟಲೆ ಕಾಯಬೇಕು. ಬಾಗಿಲು ತೆರೆದು ತುದಿ ಹಿಡಿದು ಮೇಲಕ್ಕೆತ್ತಿ ನೋಡಿ. ಆಡಿದರೆ ಹಿಂಜ್ ಸವೆದಿದೆ.

ತುಕ್ಕು ಹುಡುಕಬೇಕಾದ ಜಾಗಗಳು ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಬ್ಯಾಟರಿ ಎತ್ತಿಸಿ ಅದರ ಕೆಳಗಿನ ತಟ್ಟೆ ನೋಡಿ. ಜಾಕ್ ಹಾಕುವ ನಾಲ್ಕು ತೂತುಗಳ ಸುತ್ತ ಬೆರಳಿನಿಂದ ಒತ್ತಿ. ಡಿಕ್ಕಿಯ ಮ್ಯಾಟ್ ತೆಗೆದು ಸ್ಟೆಪ್ನಿ ಗುಂಡಿಯಲ್ಲಿ ಕೈಯಾಡಿಸಿ, ಹಿಂದಿನ ಗಾಜಿನ ರಬ್ಬರ್ ಸೋರಿದರೆ ನೀರು ಅಲ್ಲಿಗೇ ಬರುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತ ಒಯ್ಯಿರಿ, ಪುಟ್ಟಿ ದಪ್ಪಗೆ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಕರಾವಳಿಯಲ್ಲಿ ಬಾಳಿದ ಕಾರಾದರೆ ಎರಡು ಪಟ್ಟು ಹುಷಾರಾಗಿರಿ. ಮಹಾರಾಷ್ಟ್ರದ್ದು ಅಂದಿರಿ, ಮುಂಬೈಯದೋ ನಾಗಪುರದ್ದೋ ಕೇಳಿ. ಅದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಈಗ ನಿಮ್ಮ ಮುಖ್ಯ ಭಯಕ್ಕೆ ಬರುತ್ತೇನೆ. ‘ಇಲ್ಲಿ ರಿಪೇರಿ ಯಾರು ಮಾಡುತ್ತಾರೆ?’ ಇದಕ್ಕೆ ನನ್ನದೇ ಕಥೆ ಹೇಳಬೇಕು.

230 ಸಿಇಯಲ್ಲಿ ಕಾರ್ಬುರೇಟರ್ ಇಲ್ಲ, ಕಂಪ್ಯೂಟರೂ ಇಲ್ಲ. ಬಾಶ್ ಕಂಪನಿಯ ಕೆ ಜೆಟ್ರಾನಿಕ್ ಎಂಬ ವ್ಯವಸ್ಥೆ ಇದೆ. ಗಾಳಿ ಒಳಗೆ ಹೋಗುವಾಗ ಒಂದು ತಟ್ಟೆ ಅಲುಗುತ್ತದೆ, ಅದು ಎಷ್ಟು ಅಲುಗಿತೋ ಅಷ್ಟು ಪೆಟ್ರೋಲ್ ನಾಲ್ಕೂ ಇಂಜೆಕ್ಟರ್‌ಗೆ ಬಿಡುವಿಲ್ಲದೆ ಹರಿಯುತ್ತದೆ. ಎಲ್ಲವೂ ಒತ್ತಡದ ಆಟ. ನಾನು ಕಾರು ತಗೊಂಡ ಎರಡನೇ ಏಪ್ರಿಲ್‌ನಲ್ಲಿ ಹಿರಿಯೂರಿನ ಹತ್ತಿರ ಚಹಾಕ್ಕೆ ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗಲಿಲ್ಲ. ಮುಕ್ಕಾಲು ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲ ಅನ್ನುವಂತೆ ಸ್ಟಾರ್ಟ್ ಆಯಿತು. ಮನೆಯವರು, ಮಕ್ಕಳು ಆ ಬಿಸಿಲಲ್ಲಿ ಹೆದ್ದಾರಿ ಪಕ್ಕ ನಿಂತಿದ್ದರು. ಅದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಆಮೇಲೆ ಮೂರು ಗ್ಯಾರೇಜ್ ಸುತ್ತಿದೆ. ಪ್ಲಗ್ ಬದಲಾಯಿತು, ಕಾಯಿಲ್ ಬದಲಾಯಿತು, ವೈರ್ ಬದಲಾಯಿತು. ಒಬ್ಬರು ಪೆಟ್ರೋಲ್–ಗಾಳಿ ಹದ ಮಾಡುವ ಸ್ಕ್ರೂ ತಿರುಗಿಸಿದರು. ಬಿಸಿ ಎಂಜಿನ್ ಸ್ಟಾರ್ಟ್ ಆಗದ ತೊಂದರೆ ಹಾಗೇ ಉಳಿಯಿತು, ಮೇಲೆ ಪೆಟ್ರೋಲ್ ವಾಸನೆ ಮತ್ತು ಕರಿ ಹೊಗೆ ಶುರುವಾಯಿತು. ಕೊನೆಗೆ ಇದನ್ನು ಹಿಡಿದವರು ಕಾರ್ ಮೆಕ್ಯಾನಿಕ್ ಅಲ್ಲ, ಲಾರಿ, ಟ್ರ್ಯಾಕ್ಟರುಗಳ ಡೀಸೆಲ್ ಪಂಪ್ ಬಿಚ್ಚಿ ಕಟ್ಟುವ ಒಬ್ಬ ಹಿರಿಯರು. ಬಾನೆಟ್ ಎತ್ತಿ ನೋಡಿ, ‘ಇದು ನಮ್ಮ ಪಂಪಿನ ನೆಂಟನೇ ಅಲ್ವಾ, ಪ್ರೆಷರ್ ನೋಡದೆ ಏನು ಕೈ ಹಾಕ್ತೀರಿ’ ಅಂದರು. ಒತ್ತಡ ಅಳೆಯುವ ಗೇಜ್ ಕೂರಿಸಲು ಒಂದು ಹಿತ್ತಾಳೆ ಕನೆಕ್ಷನ್ ಬೇಕಿತ್ತು. ಹರಿಹರದಲ್ಲಿ ಮಾಡಿಸಿಕೊಂಡು ಬಂದೆ. ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಊರು ಅದು, ಲೇತ್ ಕೆಲಸಕ್ಕೆ ಒಳ್ಳೇ ಕೈಗಳು ಇನ್ನೂ ಇವೆ. ಎಂಜಿನ್ ಓಡುವಾಗ ಗೇಜ್ 5 ಬಾರ್ ಹತ್ತಿರ ತೋರಿಸಿತು. ನಿಲ್ಲಿಸಿದ ಮೇಲೆ ಮುಳ್ಳು ಸ್ವಲ್ಪ ಇಳಿದು ಅಲ್ಲೇ ನಿಲ್ಲಬೇಕು. ನಮ್ಮದು ಸೊನ್ನೆಗೆ ಬಿತ್ತು. ಕಾರಿನ ಕೆಳಗೆ, ಪೆಟ್ರೋಲ್ ಪಂಪ್ ಪಕ್ಕದಲ್ಲಿ, ಅಕ್ಯುಮುಲೇಟರ್ ಅಂತ ಒಂದು ಪುಟ್ಟ ಡಬ್ಬಿ ಇರುತ್ತದೆ. ನಿಲ್ಲಿಸಿದ ಮೇಲೂ ಒತ್ತಡ ಹಿಡಿದಿಡುವುದು ಅದರ ಕೆಲಸ. ಅದು ಸತ್ತಿತ್ತು. ಒತ್ತಡ ಇಲ್ಲದೆ, ಬಿಸಿ ಎಂಜಿನ್ ಮೇಲಿನ ಪೈಪುಗಳಲ್ಲಿ ಪೆಟ್ರೋಲ್ ಕುದಿದು ಆವಿಯಾಗುತ್ತಿತ್ತು. ಆ ಡಬ್ಬಿ ಬದಲಾಯಿಸಿ, ಹದದ ಸ್ಕ್ರೂ ಮತ್ತೆ ಸರಿ ಮಾಡಿದ ಮೇಲೆ ಇವತ್ತಿನವರೆಗೆ ಕಾರು ನನ್ನನ್ನು ದಾರಿಯಲ್ಲಿ ನಿಲ್ಲಿಸಿಲ್ಲ.

ನಿಮ್ಮಲ್ಲೂ ಅಷ್ಟೇ. ‘ಬೆಂಜ್ ಸ್ಪೆಷಲಿಸ್ಟ್’ ಬೋರ್ಡ್ ಹುಡುಕಬೇಡಿ. ಗೇಜ್ ಹಾಕದೆ ಸ್ಕ್ರೂ ಮುಟ್ಟದ ಮನುಷ್ಯನನ್ನು ಹುಡುಕಿ. ಚಿತ್ರದುರ್ಗವೂ ಹೆದ್ದಾರಿಯ ಊರು, ಡೀಸೆಲ್ ಪಂಪ್ ಬಲ್ಲವರು ಸಿಗುತ್ತಾರೆ. ಸಾಮಾನಿಗೆ ನಾನು ಮೊದಲು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳುತ್ತೇನೆ. ಅಲ್ಲಿ ಸಿಗದಿದ್ದರೆ ಪಾರ್ಟ್ ನಂಬರ್ ಹಿಡಿದು ಹೊರಗಿಂದ ತರಿಸುತ್ತೇನೆ. ಹಳೇ ಕಾರುಗಳಿಗಾಗಿಯೇ ಬೆಂಜ್ ಕಂಪನಿಯವರು 1993ರಲ್ಲಿ ಸ್ಟಟ್‌ಗಾರ್ಟ್ ಪಕ್ಕದ ಫೆಲ್‌ಬಾಕ್‌ನಲ್ಲಿ ಕ್ಲಾಸಿಕ್ ಸೆಂಟರ್ ತೆರೆದರು. ಪುಣೆಯಲ್ಲಿ 1995ರಿಂದ ಜೋಡಿಸಿದ ಬೆಂಜ್‌ನ ಸಾಮಾನು ಇದಕ್ಕೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಮುಂದಿನ ತಲೆಮಾರಿನ 124. ಬಾಡಿ ಸಾಮಾನು ಒಂದೂ ಕೂರುವುದಿಲ್ಲ.

ನಾಲ್ಕು ವರ್ಷ ನಿಂತ ಕಾರು ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ಹೋದ ತಕ್ಷಣ ಸ್ಟಾರ್ಟ್ ಮಾಡಿಸಬೇಡಿ. ಪೆಟ್ರೋಲಿಗೆ ಬೆರೆಸುವ ಎಥನಾಲ್ ನೀರು ಹೀರಿಕೊಳ್ಳುತ್ತದೆ, ನಿಂತಲ್ಲೇ ಟ್ಯಾಂಕಿನೊಳಗೆ ತುಕ್ಕು ಬರುತ್ತದೆ. ಆ ಕೊಳೆ ಪೆಟ್ರೋಲ್ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋದರೆ ದೊಡ್ಡ ಖರ್ಚು. ಮೊದಲು ಟ್ಯಾಂಕ್ ಖಾಲಿ ಮಾಡಿಸಿ ಫಿಲ್ಟರ್ ಬದಲಾಯಿಸಿ. ಹಳೇ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಒಂದೂ ಬಿಡದೆ ಹೊಸದು ಹಾಕಿಸಿ. ಬೆಂಕಿಯ ಅಪಾಯ ಇರುವುದು ಅಲ್ಲೇ.

ನಮ್ಮ ಬಯಲುಸೀಮೆಯ ಒಣ ಹವೆ ತಗಡಿಗೆ ಒಳ್ಳೆಯದು, ಬಿಸಿಲು ರಬ್ಬರಿಗೆ ಕೆಟ್ಟದ್ದು. ನೆರಳು ಬೇಕೇ ಬೇಕು, ಆದರೆ ಹೊಂಗೆ, ಬೇವಿನ ಕೆಳಗೆ ನಿಲ್ಲಿಸಬೇಡಿ. ವೈಪರ್ ಕೆಳಗಿನ ನೀರು ಹೋಗುವ ತೂತಿನಲ್ಲಿ ಎಲೆ ಕಟ್ಟಿಕೊಂಡರೆ ನೀರು ಒಳಗೆ ಕಾಲ ಹತ್ತಿರ ಬರುತ್ತದೆ. ರೇಡಿಯೇಟರಿಗೆ ಬೋರ್ ನೀರು ಒಂದು ಲೋಟವೂ ಬೇಡ. ನಮ್ಮ ಕಡೆಯ ಗಡಸು ನೀರು ಸಬ್‌ಮರ್ಸಿಬಲ್ ಪಂಪನ್ನು ಏನು ಮಾಡುತ್ತದೆ ಅಂತ ದಿನಾ ನೋಡುತ್ತೇನೆ. ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ. ವಾರಕ್ಕೊಮ್ಮೆಯಾದರೂ ಇಪ್ಪತ್ತು ಕಿಲೋಮೀಟರ್ ಓಡಿಸಿ. ಸುಮ್ನೆ ಮನೆ ಮುಂದೆ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಉಪಯೋಗವಿಲ್ಲ.

ದುಡ್ಡಿನ ಬಗ್ಗೆ ಒಂದೇ ಮಾತು. ಕೊಳ್ಳುವ ಬೆಲೆಯ ಅರ್ಧದಷ್ಟು ಬೇರೆ ಎತ್ತಿಡಲು ಆಗದಿದ್ದರೆ ಈ ವರ್ಷ ಬೇಡ, ಮುಂದಿನ ವರ್ಷ ನೋಡಿ.

ಬೆಂಗಳೂರಿಗೆ ಹೋದಾಗ ಚಾಸಿ ನಂಬರ್, ಬ್ಯಾಟರಿ ಕೆಳಗಿನ ತಟ್ಟೆ, ಜಾಕ್ ತೂತು, ಸ್ಟೆಪ್ನಿ ಗುಂಡಿ, ಹಿಂದಿನ ಗಾಜಿನ ಮೂಲೆ, ಇವುಗಳ ಫೋಟೋ ತೆಗೆದು ನಿಮ್ಮ ಪ್ರಶ್ನೆಗೆ ಸೇರಿಸಿ. ಎಂಜಿನ್ ಫೋಟೋ ಬೇಡ. ನಾನು ನೋಡಿ ಅನಿಸಿದ್ದನ್ನು ಹೇಳುತ್ತೇನೆ.